ವರ್ಷಕ್ಕೆ ಎರಡು ಪೆಟ್ಟಿಗೆ: ಇಸ್ರೇಲ್‌ನ ಕಲ್ಯಾಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ಉಡುಪಿ ಕಡೆಯವಳು. ಹೈಫಾ ನಗರದ ಹದಾರ್ ಬಡಾವಣೆಯಲ್ಲಿ ಒಬ್ಬ ಯಹೂದಿ ಅಜ್ಜಿಯ ಮನೆಯಲ್ಲಿದ್ದು ಅವರನ್ನು ನೋಡಿಕೊಳ್ಳುತ್ತೇನೆ. ಹೀಬ್ರೂ ಮಾತಾಡುತ್ತೇನೆ, ಬರೆಯಲು ಬರಲ್ಲ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಯಾರಾದರೂ ನಿಮಗೆ ಓದಿ ಹೇಳಲಿ. ಕರಾವಳಿಯಿಂದ ಬಂದು ಇಲ್ಲಿ ಇದೇ ಕೆಲಸ ಮಾಡುವವರು ತುಂಬಾ ಜನ ಇದ್ದೇವೆ. ಬಡ ಮುದುಕರಿಗೆ ಹಬ್ಬಕ್ಕೊಮ್ಮೆ ಬರುವ ದಾನದ ಪೆಟ್ಟಿಗೆಯ ಕಥೆ ಅವರಿಗಂತೂ ವಿವರಿಸಬೇಕಾಗಿಲ್ಲ.

ಅಜ್ಜಿಗೆ 88. ಹುಟ್ಟಿದ್ದು ರಷ್ಯಾದ ಲೆನಿನ್‌ಗ್ರಾಡ್‌ನಲ್ಲಿ. 1941ರಲ್ಲಿ ಜರ್ಮನ್ ಸೈನ್ಯ ಊರನ್ನು ಸುತ್ತುವರಿದಾಗ ನಾಲ್ಕು ವರ್ಷದ ಮಗು. ಆ ಚಳಿಗಾಲದಲ್ಲಿ ಮಕ್ಕಳಿಗೆ ದಿನಕ್ಕೆ 125 ಗ್ರಾಂ ಬ್ರೆಡ್, ಅಷ್ಟೇ. ಇವತ್ತಿಗೂ ಅಜ್ಜಿ ಬ್ರೆಡ್ಡನ್ನು ತಟ್ಟೆಯ ಮೇಲೆಯೇ ಕತ್ತರಿಸುತ್ತಾರೆ. ಉದುರಿದ ಪುಡಿಯೂ ಬಾಯಿಗೇ.

ಯಹೂದಿಗಳ ಪೆಸಾಖ್ ಹಬ್ಬಕ್ಕೆ ಒಂದು ದಾನದ ಸಂಸ್ಥೆಯಿಂದ ಪೆಟ್ಟಿಗೆ ಬಂತು. ಹದಾರ್ ಅಂದರೆ ಬೆಟ್ಟದ ಇಳಿಜಾರು, ಎಲ್ಲಿ ನೋಡಿದರೂ ಮೆಟ್ಟಿಲು. ಹುಡುಗರು ಬೆವರು ಸುರಿಸಿ ಹೊತ್ತು ತಂದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಒಳಗೆ ಮಾತ್ಸಾ, ಎಣ್ಣೆ, ಸಕ್ಕರೆ, ಟ್ಯೂನಾ ಮೀನಿನ ಡಬ್ಬಿ. ಮಾತ್ಸಾ ಅಂದರೆ ಹುಳಿ ಬರಿಸದೆ ಸುಟ್ಟ ಒಣ ರೊಟ್ಟಿ. ಅಜ್ಜಿಗೆ ಹಲ್ಲಿಲ್ಲ. ಡಬ್ಬಿಯ ಮುಚ್ಚಳ ಎಳೆಯಲು ಬೆರಳಲ್ಲಿ ಶಕ್ತಿಯಿಲ್ಲ. ನಾನಿದ್ದೇನೆ, ಸೂಪಿನಲ್ಲಿ ನೆನೆಸಿ ಕೊಡುತ್ತೇನೆ. ಕೆಳಗಿನ ಮನೆಯ ಅಜ್ಜನಿಗೆ ಯಾರೂ ಇಲ್ಲ. ಅವರ ಪೆಟ್ಟಿಗೆ ಹಾಗೇ ಬಾಗಿಲ ಹಿಂದೆ ಕೂತಿದೆ.

ಹುಡುಗರು ಹೊರಡುವ ಮುಂಚೆ ಫೋಟೊ ಕೇಳಿದರು. ದಾನ ಕೊಟ್ಟವರಿಗೆ ತೋರಿಸಬೇಕಂತೆ. ಅಜ್ಜಿ ಎದ್ದು ಹೋಗಿ ಲಿಪ್‌ಸ್ಟಿಕ್ ಹಚ್ಚಿಕೊಂಡು ಬಂದರು. ನನಗೆ ನೋಡಲಾಗಲಿಲ್ಲ, ಅಡುಗೆಮನೆಗೆ ಹೋದೆ.

ಆಳು ಇಟ್ಟುಕೊಂಡವರು ಬಡವರು ಹೇಗೆ ಅಂತ ನೀವು ಕೇಳಬಹುದು. ನನ್ನ ಸಂಬಳದ ದೊಡ್ಡ ಪಾಲು ರಾಷ್ಟ್ರೀಯ ವಿಮೆಯಿಂದ ಬರುತ್ತದೆ. ಉಳಿದದ್ದು ಅಜ್ಜಿಯ ಕೈಯಿಂದ. ಅವರ ಫ್ರಿಜ್ ಖಾಲಿಯಾಗಲು ನಾನೂ ಒಂದು ಕಾರಣ, ಸುಳ್ಳು ಹೇಳಲ್ಲ. 1991ರಲ್ಲಿ ಇಲ್ಲಿಗೆ ಬಂದಾಗ ಅವರಿಗೆ 54. ಅಲ್ಲಿ ದುಡಿದ ವರ್ಷಗಳು ಇಲ್ಲಿ ಪಿಂಚಣಿಯ ಲೆಕ್ಕಕ್ಕೆ ಬರಲಿಲ್ಲ. ಲೆನಿನ್‌ಗ್ರಾಡ್ ಮುತ್ತಿಗೆಯಲ್ಲಿ ಸಿಕ್ಕಿದ್ದ ಯಹೂದಿಗಳಿಗೂ ಜರ್ಮನಿ ತಿಂಗಳ ಹಣ ಕೊಡಬೇಕು ಅಂತ ತೀರ್ಮಾನವಾದದ್ದು 2021ರಲ್ಲಿ. ಅದು ಬಾಡಿಗೆಗೆ, ಔಷಧಿಗೆ ಹೋಗುತ್ತದೆ. ಅಜ್ಜಿಯ ಗಂಡ ಅಷ್ಟರಲ್ಲಿ ತೀರಿಕೊಂಡಿದ್ದರು.

2007ರಲ್ಲಿ ನಿಮ್ಮ ಸರ್ಕಾರ ನಾಜಿಗಳ ಕೈಯಿಂದ ಬದುಕಿ ಉಳಿದವರಿಗೆ ತಿಂಗಳಿಗೆ ಬರೀ 83 ಶೆಕೆಲ್ (ಇಲ್ಲಿಯ ಹಣ) ಕೊಡುತ್ತೇನೆ ಎಂದಾಗ ಈ ಮುದುಕರು ಜೆರುಸಲೇಮ್‌ನ ಬೀದಿಗಿಳಿದಿದ್ದರು. ಆಮೇಲೆ ಕಾನೂನು ಬದಲಾಯಿತು, ಹಣವೂ ಜಾಸ್ತಿಯಾಯಿತು, ಇಲ್ಲ ಅನ್ನಲ್ಲ. ಈಗ ಮತ್ತೆ ಬೀದಿಗಿಳಿಯಲು ಅವರಿಗೆ ಕಾಲಿಲ್ಲ. ಇವರಿಗಾಗಿ ಜರ್ಮನಿಯ ಹತ್ತಿರ ಪರಿಹಾರ ಕೇಳುವ ಕ್ಲೇಮ್ಸ್ ಕಾನ್ಫರೆನ್ಸ್ ಎಂಬ ಸಂಸ್ಥೆ 2024ರ ಜನವರಿಯಲ್ಲಿ ಕೊಟ್ಟ ಲೆಕ್ಕದಲ್ಲಿ, ನಾಜಿಗಳ ಕೈಯಿಂದ ಬದುಕಿ ಉಳಿದ ಯಹೂದಿಗಳು ಜಗತ್ತಿನಲ್ಲಿ ಸುಮಾರು 2,45,000. ಅವರಲ್ಲಿ 1,19,300 ಜನ ಇಸ್ರೇಲ್‌ನಲ್ಲಿದ್ದರು. ಎಲ್ಲರೂ ಬಡವರಲ್ಲ. ಬಡವರು ಯಾರು ಅಂತ ನಿಮ್ಮ ಸರ್ಕಾರಕ್ಕೆ ಗೊತ್ತು. ಹೆಸರು, ವಿಳಾಸ, ವಯಸ್ಸು ಎಲ್ಲ ಸರ್ಕಾರದ ಹತ್ತಿರವೇ ಇದೆ ಅಲ್ವಾ?

ಹಾಗಿದ್ದ ಮೇಲೆ ಅರ್ಜಿ ಯಾಕೆ ಬೇಕು? ಫೋಟೊ ಯಾಕೆ ಬೇಕು? ವಾರಕ್ಕೆ ಮೂರು ದಿನವಾದರೂ ಬೇಯಿಸಿದ, ಮೆತ್ತನೆಯ ಊಟ ಬಿಸಿಬಿಸಿಯಾಗಿ ಮನೆಗೆ ಬರಲಿ. ದಾನದ ಸಂಸ್ಥೆಗಳೇ ತಂದು ಕೊಡಲಿ, ಆದರೆ ಖರ್ಚು ಸರ್ಕಾರದ್ದಿರಲಿ. ಯಾವ ವಾರ ಎಷ್ಟು ದಾನ ಬಂತು ಅಂತ ನೋಡಿ ಊಟ ಹಾಕುವಂತಾಗಬಾರದು. ನಮ್ಮೂರಲ್ಲಿ ರೇಷನ್ ಅಕ್ಕಿ ತಿಂಗಳು ತಿಂಗಳೂ ಕೊಡುತ್ತಾರೆ, ದೀಪಾವಳಿಗೆ ಕಾಯಬೇಕಾಗಿಲ್ಲ.

ಕಳೆದ ವಾರ ಅಜ್ಜಿಗೆ ಗಂಜಿ ಮಾಡಿ ಕೊಟ್ಟೆ. "ಕಾಶಾ" ಅಂದರು, ರಷ್ಯನ್‌ನಲ್ಲಿ ಗಂಜಿ ಅಂತ, ಒಂದು ಬಟ್ಟಲು ಪೂರ್ತಿ ತಿಂದರು. ಒಂದು ಬಟ್ಟಲನ್ನು ಕೆಳಗಿನ ಅಜ್ಜನಿಗೂ ಕೊಟ್ಟು ಬಂದೆ. ಮುಂದಿನ ಪೆಟ್ಟಿಗೆ ಬರುವುದು ಯಹೂದಿಗಳ ಹೊಸ ವರ್ಷದ ರೋಶ್ ಹಶಾನಾ ಹಬ್ಬಕ್ಕೆ, ಸೆಪ್ಟೆಂಬರಿನಲ್ಲಿ. ಈಗಿನ್ನೂ ಮೇ.

ಇತಿ,
ಹದಾರ್‌ನ ಒಬ್ಬ ಹೋಂ ನರ್ಸ್