ಮಗಳಿಗೊಂದು ಪತ್ರ: ನಿಮ್ಮ ಹೊಸ ಗುಂಪಿನ ಬಗ್ಗೆ

ಪ್ರೀತಿಯ ಮಗಳೇ,

ಕೆಲಸದಲ್ಲಿ ಮುಂದೆ ಬರಬೇಕು ಅಂತ ಒದ್ದಾಡುತ್ತಿರುವ ನಾಲ್ಕೈದು ಜನ ಸೇರಿ ಒಂದು ಗುಂಪು ಮಾಡಿಕೊಳ್ಳುತ್ತೀವಿ ಅಂದೆಯಲ್ಲ, ಕೇಳಿ ತುಂಬಾ ಖುಷಿಯಾಯಿತು. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸರಿಯಾಗಿ ಬರೆಯುತ್ತಿದ್ದೇನೆ.

ಇಂಥ ಗುಂಪುಗಳು ಇವತ್ತು ನಿನ್ನೆಯವಲ್ಲ. 1727ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಮುಂದೆ ಆ ದೇಶ ಕಟ್ಟಿದವರಲ್ಲಿ ಒಬ್ಬರಾದ ಬೆಂಜಮಿನ್ ಫ್ರಾಂಕ್ಲಿನ್ 'ಜುಂಟೊ' ಅನ್ನೋ ಕೂಟ ಶುರು ಮಾಡಿದಾಗ ಅವರಿಗೆ ಬರೀ 21 ವರ್ಷ. ಮುದ್ರಣದ ಕೆಲಸ ಮಾಡುತ್ತಿದ್ದ ಹುಡುಗ. ಪ್ರತಿ ಶುಕ್ರವಾರ ಸಂಜೆ ಸೇರುತ್ತಿದ್ದರು. ಕೇಳಿಕೊಳ್ಳಲು ಪ್ರಶ್ನೆಗಳ ಪಟ್ಟಿಯೇ ಇತ್ತು. ಅದರಲ್ಲಿ ಒಂದು ನನಗೆ ಬಹಳ ಇಷ್ಟ: ನೀನು ಅಂದುಕೊಂಡಿರುವ ಕೆಲಸಕ್ಕೆ ನಾವು ಹೇಗೆ ನೆರವಾಗಬಹುದು? ನಿಮ್ಮ ಗುಂಪಿನಲ್ಲೂ ಪ್ರತಿಯೊಬ್ಬರಿಗೂ ಈ ಪ್ರಶ್ನೆ ಕೇಳಿ. ಕೇಳದೆಯೇ ಸಲಹೆ ಸುರಿಯುವುದಕ್ಕಿಂತ ಇದು ಎಷ್ಟೋ ಮೇಲು.

ಯಾರನ್ನು ಸೇರಿಸಿಕೊಳ್ಳುತ್ತೀಯ ಅನ್ನೋದು ಮುಖ್ಯ. ಬರೀ ಆಪ್ತ ಗೆಳತಿಯರೇ ಆಗಬಾರದು. ಮಾರ್ಕ್ ಗ್ರ್ಯಾನೊವೆಟರ್ ಅನ್ನೋ ಸಮಾಜಶಾಸ್ತ್ರಜ್ಞರು 1973ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಪರಿಚಯದ ಮೂಲಕ ಕೆಲಸ ಸಿಕ್ಕವರನ್ನು ಕೇಳಿದರೆ, ಸುದ್ದಿ ತಂದವರು ಹೆಚ್ಚಾಗಿ ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೆ ಸಿಗುವ ಪರಿಚಯದವರೇ ಆಗಿದ್ದರಂತೆ. ಯೋಚನೆ ಮಾಡಿದರೆ ಸರಿಯೇ. ನಿನಗೆ ಗೊತ್ತಿರುವುದೇ ನಿನ್ನ ಆಪ್ತರಿಗೂ ಗೊತ್ತಿರುತ್ತದೆ. ಹಾಗಾಗಿ ಬೇರೆ ಕ್ಷೇತ್ರದವರು ಒಬ್ಬಿಬ್ಬರು ಇರಲಿ. ಜಾಣರೇ ಬೇಕು ಅಂತಿಲ್ಲ, ಬರುತ್ತೀನಿ ಅಂದ ದಿನ ಬರುವವರು ಬೇಕು. ಆರು ಜನಕ್ಕಿಂತ ಜಾಸ್ತಿ ಬೇಡ. ಜಾಸ್ತಿಯಾದರೆ ಮಾತು ಬಲ್ಲವರೇ ಮಾತಾಡುತ್ತಾರೆ, ಮೆತ್ತಗಿನವರು ಸುಮ್ನೆ ಕೂತಿರುತ್ತಾರೆ. ಗಡಿಯಾರ ನೋಡಿ ಎಲ್ಲರಿಗೂ ಒಂದೇ ಸಮಯ ಕೊಡಿ.

ಗುರಿ ಹೇಳುವಾಗ ಬಿಡಿಸಿ ಕೇಳಿ. "ಈ ವಾರ ರೆಸ್ಯೂಮೆ ಸರಿ ಮಾಡ್ತೀನಿ" ಅಂತ ಒಬ್ಬಳು ಅಂದರೆ ತಲೆಯಾಡಿಸಿ ಬಿಟ್ಟುಬಿಡಬೇಡಿ. ಯಾವ ಭಾಗ? ಯಾವತ್ತು? ಯಾರಿಗೆ ತೋರಿಸ್ತೀಯ? ಆಗ ಅವಳೇ, "ಮಂಗಳವಾರ ರಾತ್ರಿ ಎಂಟಕ್ಕೆ ಕೂತು ಹಿಂದಿನ ಕೆಲಸದ ಭಾಗ ಮತ್ತೆ ಬರೀತೀನಿ, ಬುಧವಾರ ಬೆಳಿಗ್ಗೆ ನಿನಗೆ ಕಳಿಸ್ತೀನಿ" ಅನ್ನುತ್ತಾಳೆ. ಇನ್ನೊಬ್ಬಳು ಅದನ್ನು ಬರೆದಿಟ್ಟುಕೊಂಡರೆ ಸಾಕು, ಕೆಲಸ ಅರ್ಧ ಆದಂತೆಯೇ. ಸಂಬಳದ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಮಾತಾಡಿಕೊಳ್ಳಿ. ಎಷ್ಟು ಕೇಳಬಹುದು ಅಂತ ಗೊತ್ತಿಲ್ಲದೆ ಕಡಿಮೆಗೆ ಒಪ್ಪಿಕೊಳ್ಳುವ ಹುಡುಗಿಯರು ಎಷ್ಟು ಜನ ಇದ್ದಾರೆ ಗೊತ್ತಾ? ಆದರೆ ಅಲ್ಲಿ ಆಡಿದ ಮಾತು ಅಲ್ಲೇ ಇರಬೇಕು. ಇದನ್ನು ಮೊದಲ ದಿನವೇ ಒಪ್ಪಿಕೊಳ್ಳಿ.

ನನಗೆ ಜಾಸ್ತಿ ಕಾಳಜಿ ಇರುವುದು ಎರಡು ಗಳಿಗೆಗಳ ಬಗ್ಗೆ. ಒಂದು, ಯಾರೋ ಏನೂ ಮಾಡದೆ ವಾರ ಕಳೆದಾಗ. ಅವಳಿಗೆ ಬರಲು ನಾಚಿಕೆಯಾಗುತ್ತದೆ. ಒಂದು ವಾರ ತಪ್ಪಿಸುತ್ತಾಳೆ, ಆಮೇಲೆ ಪೂರ್ತಿ ಬಿಟ್ಟೇಬಿಡುತ್ತಾಳೆ. ಗುಂಪುಗಳು ಹೀಗೇ ಕರಗುವುದು. ಬರಿಗೈಯಲ್ಲಿ ಬಂದರೂ ಪರವಾಗಿಲ್ಲ, ಬಂದರೆ ಸಾಕು ಅಂತ ಬಾಯಿಬಿಟ್ಟು ಹೇಳಿರಿ. ಬಂದಾಗ ಗದರಿಸಬೇಡಿ. ಎಲ್ಲಿ ಸಿಕ್ಕಿಹಾಕಿಕೊಂಡಳು ಅಂತ ಕೇಳಿ.

ಇನ್ನೊಂದು, ಒಬ್ಬಳಿಗೆ ಮೊದಲು ಒಳ್ಳೆಯ ಕೆಲಸ ಸಿಕ್ಕಾಗ. ಚಪ್ಪಾಳೆ ತಟ್ಟುತ್ತಲೇ ಮನಸ್ಸು ಒಳಗೊಳಗೇ ಚುರುಕ್ ಅನ್ನುತ್ತದೆ. ನಿನಗೂ ಹಾಗನ್ನಿಸಬಹುದು ಮಗಳೇ, ಅದರಿಂದ ನೀನು ಕೆಟ್ಟವಳಾಗುವುದಿಲ್ಲ. ಅವಳನ್ನು ದೂರ ಮಾಡಬೇಡ. ಸಂದರ್ಶನದಲ್ಲಿ ಏನು ಕೇಳಿದರು, ಎಲ್ಲಿ ತಡವರಿಸಿದಳು, ಎಲ್ಲ ಹೇಳಿಸು. ಅವಳೂ ಕೆಲಸ ಸಿಕ್ಕಿತು ಅಂತ ಹೊರಟುಹೋಗದೆ ಇನ್ನೂ ಕೆಲವು ವಾರ ಬರಲಿ.

ಯಾರಾದರೂ ತೀರಾ ಕುಗ್ಗಿಹೋಗಿದ್ದರೆ, ನಿದ್ದೆ ಊಟ ಬಿಟ್ಟಿದ್ದರೆ, ಅದು ಗುಂಪಿನ ಕೈಯಲ್ಲಿ ಆಗುವ ಕೆಲಸವಲ್ಲ. ಡಾಕ್ಟರ ಹತ್ತಿರ ಜೊತೆಯಲ್ಲಿ ಕರೆದುಕೊಂಡು ಹೋಗಿ.

ಮೊದಲಿಗೆ ಮೂರು ತಿಂಗಳು ಅಂತ ಗೊತ್ತು ಮಾಡಿಕೊಳ್ಳಿ. ಆಮೇಲೆ ಮುಂದುವರಿಸಬೇಕಾ ಅಂತ ಕೂತು ಮಾತಾಡಿ. ಅಣಕು ಸಂದರ್ಶನಕ್ಕೆ ಪ್ರಶ್ನೆ ಕೇಳುವವರು ಬೇಕಿದ್ದರೆ ನನ್ನನ್ನು ಕರೆಯಿರಿ, ವಿಡಿಯೋ ಕಾಲ್‌ನಲ್ಲಿ ಬರುತ್ತೇನೆ. ಯಾರು ಯಾವ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ ಅಂತ ಎರಡು ದಿನ ಮೊದಲೇ ತಿಳಿಸಿದರೆ ಪ್ರಶ್ನೆ ಸಿದ್ಧ ಮಾಡಿಕೊಂಡಿರುತ್ತೇನೆ.

ನಿನ್ನ
ಅಮ್ಮ