ಚೌಗುಲೆ ಓಡಿದ್ದು 42.75 ಕಿಲೋಮೀಟರ್: ಕ್ರೀಡಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರಿಗೆ,

ವಂದನೆಗಳು. 1920ರ ಆಗಸ್ಟ್ 22, ಭಾನುವಾರ. ಬೆಲ್ಜಿಯಂನ ಆಂಟ್ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 2 ಗಂಟೆ 50 ನಿಮಿಷ 45.4 ಸೆಕೆಂಡಿನಲ್ಲಿ ಗುರಿ ಮುಟ್ಟಿ 19ನೆಯವರಾದರು. ಅವರ ನೆನಪಿಗೆ ಪ್ರತಿ ಆಗಸ್ಟ್‌ನಲ್ಲಿ ಬೆಳಗಾವಿಯಲ್ಲಿ ಸರ್ಕಾರವೇ ಒಂದು ಓಟ ನಡೆಸಲಿ ಎಂಬುದು ನಮ್ಮ ಕೋರಿಕೆ. ಷರತ್ತು ಒಂದೇ: ದೂರ 42.195 ಕಿ.ಮೀ. ಅಲ್ಲ, 42.75 ಕಿ.ಮೀ. ಇರಬೇಕು.

ಯಾಕೆಂದರೆ ಆಗ ಮ್ಯಾರಥಾನ್‌ಗೆ ನಿಗದಿತ ದೂರವೇ ಇರಲಿಲ್ಲ. 1908ರ ಲಂಡನ್‌ನಲ್ಲಿ 42.195, 1912ರ ಸ್ಟಾಕ್‌ಹೋಮ್‌ನಲ್ಲಿ 40.2, ಆಂಟ್ವರ್ಪ್‌ನಲ್ಲಿ 42.75. ಒಲಿಂಪಿಕ್ಸ್‌ನಲ್ಲಿ ಅಷ್ಟು ಉದ್ದದ ಮ್ಯಾರಥಾನ್ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. 42.195 ಖಾಯಂ ಆದದ್ದು 1921ರಲ್ಲಿ. ಇದನ್ನು ಮರೆತು ಚೌಗುಲೆಯವರ ಸಮಯವನ್ನು ಇಂದಿನವರ ಸಮಯದ ಪಕ್ಕಕ್ಕಿಟ್ಟರೆ ಅನ್ಯಾಯ. ಅವರು 555 ಮೀಟರ್ ಹೆಚ್ಚು ಓಡಿದ್ದಾರೆ. ಅವರ ಸರಾಸರಿ ಕಿಲೋಮೀಟರಿಗೆ 4 ನಿಮಿಷಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಅದೇ ವೇಗದಲ್ಲಿ 42.195 ಕಿ.ಮೀ.ಗೆ ಸುಮಾರು 2:48:32 ಆಗುತ್ತಿತ್ತು. ಗೆದ್ದ ಫಿನ್ಲೆಂಡಿನ ಹ್ಯಾನೆಸ್ ಕೊಲೆಹ್ಮೈನೆನ್ ತೆಗೆದುಕೊಂಡದ್ದು 2:32:35.8. (ಮೂರನೆಯವರಾದ ಇಟಲಿಯ ವಲೇರಿಯೊ ಆರ್ರಿ ಗುರಿ ಮುಟ್ಟಿದ ಮೇಲೆ ಲಾಗ ಹಾಕಿದರಂತೆ. ಕಾಲಲ್ಲಿ ಅಷ್ಟು ಕಸುವು ಉಳಿದಿದ್ದರೆ ಇನ್ನೂ ಮುಂದೆ ಬರಬಹುದಿತ್ತಲ್ಲ!)

ಚೌಗುಲೆಯವರಿದ್ದ ಭಾರತದ ತಂಡ ಆಂಟ್ವರ್ಪ್‌ಗೆ ಹೋದ ಬಗೆಯನ್ನೂ ನೋಡಿ. ಆಗಿನ್ನೂ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿರಲಿಲ್ಲ, ಅದು 1927ರದ್ದು. ಪುಣೆಯ ಡೆಕ್ಕನ್ ಜಿಮ್ಖಾನಾ ಎಂಬ ಕ್ರೀಡಾ ಸಂಸ್ಥೆಯ ಅಧ್ಯಕ್ಷರಾಗಿದ್ದ ದೊರಾಬ್ಜಿ ಟಾಟಾ ಅಲ್ಲಿ ಹಿಂದೆ ನಡೆದ ಕ್ರೀಡಾಕೂಟದ ಬಗ್ಗೆ 1929ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದಿದ್ದಾರೆ: ಮೈದಾನ ಚಿಕ್ಕದು, ಹುಲ್ಲು ಒರಟು, 100 ಗಜದ ಓಟವನ್ನೂ ತಿರುವಿನಲ್ಲೇ, ಲೇನಿಗೆ ಹಗ್ಗವಿಲ್ಲದೆ ನಡೆಸಲು ಹೊರಟಿದ್ದರು. ಓಡುವವರು ಹೆಚ್ಚಿನಂಶ ಹೊಲದಲ್ಲಿ ದುಡಿಯುವ ರೈತರ ಮಕ್ಕಳು. ಆದರೂ ದೂರದ ಓಟದಲ್ಲಿ ಅವರ ಸಮಯ ಕಂಡು ಟಾಟಾ ಹಣ ಹಾಕಿದರು. ಪುಣೆಯ ಆಯ್ಕೆಯ ನಂತರ ಆರು ಮಂದಿ ಹೊರಟರು. ಅವರಲ್ಲಿ ಕುಸ್ತಿಪಟು ರಣಧೀರ್ ಶಿಂಧೆ ಕಂಚಿನ ಪಂದ್ಯ ಸೋತು ನಾಲ್ಕನೆಯವರಾದರು.

ಬೆಳಗಾವಿ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಚೌಗುಲೆ ನಮ್ಮ ಪಟ್ಟಿಯಿಂದ ಸುಲಭವಾಗಿ ಜಾರಿಹೋಗುತ್ತಾರೆ. ಗಡಿ ಜಗಳಕ್ಕೆ ಮಾತ್ರ ಈ ಹೆಸರನ್ನು ಎಳೆಯುವುದು ಬೇಡ.

ಇನ್ನು ಅಳತೆ. ಕಾರಿನ ಮೀಟರ್, ಮೊಬೈಲ್ ಜಿಪಿಎಸ್ ಎರಡನ್ನೂ ನಂಬಬೇಡಿ. ಸೈಕಲ್ಲಿನ ಮುಂದಿನ ಚಕ್ರಕ್ಕೆ, ಅದರ ಸುತ್ತುಗಳನ್ನು ಎಣಿಸುವ ಜೋನ್ಸ್ ಕೌಂಟರ್ ಎಂಬ ಸಾಧನ ಕೂರಿಸಬೇಕು. ಕನಿಷ್ಠ 300 ಮೀಟರಿನ ನೇರ ರಸ್ತೆಯನ್ನು ಉಕ್ಕಿನ ಟೇಪಿನಿಂದ ಅಳೆದು, ಅದರ ಮೇಲೆ ಮಾರ್ಗದ ಅಳತೆಗೆ ಮೊದಲು ನಾಲ್ಕು ಸಲ, ನಂತರ ನಾಲ್ಕು ಸಲ ಸೈಕಲ್ ಓಡಿಸಿ ಕೌಂಟರಿನ ಎಣಿಕೆಯನ್ನು ಮೀಟರಿಗೆ ಹೊಂದಿಸಿಕೊಳ್ಳಬೇಕು. ಬಿಸಿಲೇರಿದಂತೆ ಟೈರಿನ ಒತ್ತಡ ಬದಲಾಗುವುದರಿಂದ ಒಂದೇ ಬಾರಿಯ ಲೆಕ್ಕ ಕೈಕೊಡುತ್ತದೆ. ತಿರುವುಗಳಲ್ಲಿ ಅಂಚಿನಿಂದ 30 ಸೆಂ.ಮೀ. ಬಿಟ್ಟು, ಓಟಗಾರ ಹಿಡಿಯಬಹುದಾದ ಅತಿ ಹತ್ತಿರದ ದಾರಿಯನ್ನೇ ಹಿಡಿಯಬೇಕು. ದೂರ ಕಡಿಮೆ ಬೀಳದಿರಲೆಂದು ಸಾವಿರಕ್ಕೊಂದು ಪಾಲು ಸೇರಿಸುವುದು ನಿಯಮ; ಇಲ್ಲಿ ಅದು ಸುಮಾರು 43 ಮೀಟರ್.

42.195ರ ಬಿಂದುವಿನಲ್ಲೂ ಓಟಗಾರ ದಾಟಿದ ಸಮಯ ದಾಖಲಿಸುವ ಟೈಮಿಂಗ್ ಮ್ಯಾಟ್ ಹಾಸಿ, ಪ್ರಮಾಣಪತ್ರದಲ್ಲಿ ಎರಡೂ ಸಮಯ ಅಚ್ಚಾಗಲಿ. ಆಗ ತಮ್ಮ ಮ್ಯಾರಥಾನ್ ಸಮಯ ಬೇಕೆನ್ನುವವರಿಗೂ ನಷ್ಟವಿಲ್ಲ. ಅಳತೆಯಾದ ಮೇಲೆ ಯಾರಾದರೂ ರಸ್ತೆ ವಿಭಜಕವನ್ನೋ ವೃತ್ತವನ್ನೋ ಬದಲಿಸಿದರೆ ಮತ್ತೆ ಅಳೆಯಬೇಕಾಗುತ್ತದೆ. ಹಾಗಾಗಿ ಮಾರ್ಗ ಗೊತ್ತುಮಾಡುವ ಮೊದಲು ಮಹಾನಗರ ಪಾಲಿಕೆ ಮತ್ತು ಲೋಕೋಪಯೋಗಿ ಇಲಾಖೆಯ ಆ ವರ್ಷದ ಕಾಮಗಾರಿ ಪಟ್ಟಿ ತರಿಸಿಕೊಳ್ಳಿ.

ಇಂತಿ,
ಓಟದ ದಾಖಲೆಗಳ ಬೆನ್ನುಹತ್ತಿದ ಕೆಲವರು