ಪುಟ್ಟನ ಉಬ್ಬಸಕ್ಕೆ ಹೆದರಿ ಟಿಕೆಟ್ ರದ್ದು ಮಾಡಬೇಡ

ಹ್ಯಾರೋ, ಲಂಡನ್

ಪ್ರೀತಿಯ ಸುಮಾ,

ಇಲ್ಲಿ ಎಲ್ಲರೂ ಕ್ಷೇಮ. ಅಪ್ಪ, ಅಮ್ಮನಿಗೆ, ನಿಮ್ಮ ಅತ್ತೆಯವರಿಗೆ ನಮಸ್ಕಾರ ತಿಳಿಸು. ನಿನ್ನ ಪತ್ರ ಬಂತು. ಪುಟ್ಟನಿಗೆ ಮತ್ತೆ ಉಬ್ಬಸ ಬಂದಿತ್ತು, ನಾಲ್ಕು ವರ್ಷದ ಮಗುವನ್ನು ಆ ಚಳಿಯ ಊರಿಗೆ ಕರೆದುಕೊಂಡು ಹೋಗೋದು ಬೇಡ ಅಂತ ಅತ್ತೆ ಅಂತಿದ್ದಾರೆ, ಟಿಕೆಟ್ ರದ್ದು ಮಾಡಲಾ ಅಂತ ಕೇಳಿದ್ದೀಯ. ಮಾಡಬೇಡ. ಅವರ ಆತಂಕ ಸಹಜ. ಆದರೆ ಉಬ್ಬಸದ ಮಕ್ಕಳು ಈ ಊರಲ್ಲೂ ಬೇಕಾದಷ್ಟಿದ್ದಾರೆ, ಶಾಲೆಗೆ ಹೋಗ್ತಾರೆ, ಆಡ್ತಾರೆ. ತಯಾರಿ ಸರಿಯಾಗಿರಬೇಕು, ಅಷ್ಟೇ.

ಹೊರಡೋಕೆ ಎರಡು ವಾರ ಮೊದಲು ಡಾಕ್ಟರಿಗೆ ತೋರಿಸು. ಅವರು ಬೇಡ ಅಂದರೆ ಮಾತ್ರ ದಿನಾಂಕ ಮುಂದೂಡೋಣ. ಔಷಧದ ಚೀಟಿಯನ್ನು ಇಂಗ್ಲಿಷಿನಲ್ಲಿ, ಸ್ಪಷ್ಟ ಅಕ್ಷರದಲ್ಲಿ ಬರೆಸಿಕೋ. ಕಂಪನಿಯ ಹೆಸರು ಸಾಲದು, ಸಾಲ್ಬುಟಮಾಲ್ ಅಂತ ಔಷಧದ ಹೆಸರೇ ಇರಲಿ. ದಿನಾ ಕೊಡುವ ಇನ್ಹೇಲರ್ ಎಷ್ಟು, ಉಬ್ಬಸ ಎದ್ದಾಗ ಎಷ್ಟು, ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಓಡಬೇಕು, ಇವನ್ನೂ ಅದೇ ಹಾಳೆಯಲ್ಲಿ ಬರೆಸು. ಎದೆ ಹಗುರಾಯ್ತು ಅಂತ ದಿನದ ಔಷಧ ನಿಲ್ಲಿಸಬೇಡ. ಪ್ರಯಾಣದಲ್ಲಿ ಉಬ್ಬಸ ಏಳೋದು ಹೆಚ್ಚಾಗಿ ಅದು ತಪ್ಪಿದಾಗ.

ಇನ್ಹೇಲರ್ ಎರಡು ತಾ. ಒಂದು ನಿನ್ನ ಕೈಚೀಲದಲ್ಲಿ, ಇನ್ನೊಂದು ರವಿಯವರ ಹತ್ತಿರ. ಸೂಟ್‌ಕೇಸಿಗೆ ಹಾಕಬೇಡ, ಸಾಮಾನು ಬೇರೆ ಊರಿಗೆ ಹೋದರೆ ಔಷಧವೂ ಅದರ ಜೊತೆ ಹೋಗುತ್ತೆ. ನಮ್ಮೂರಿನ ಮೆಡಿಕಲ್ ಶಾಪಿನ ಹಾಗೆ ಇಲ್ಲಿ ಕೇಳಿದ ಕೂಡಲೇ ಕೊಡಲ್ಲ, ಇಲ್ಲಿಯ ವೈದ್ಯರ ಚೀಟಿ ಕೇಳ್ತಾರೆ. ಸ್ಪೇಸರ್, ಅಂದರೆ ಇನ್ಹೇಲರಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ, ಮರೆತರೆ ಇನ್ಹೇಲರ್ ಇದ್ದೂ ಉಪಯೋಗ ಕಡಿಮೆ, ಅರ್ಧ ಔಷಧ ನಾಲಿಗೆಯ ಮೇಲೇ ಉಳಿಯುತ್ತೆ. ಅದನ್ನು ಸೋಪಿನ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡು. ಬಟ್ಟೆಯಲ್ಲಿ ಒರೆಸಿದರೆ ಪ್ಲಾಸ್ಟಿಕ್ ಮೇಲೆ ವಿದ್ಯುತ್ ಕೂತು ಔಷಧ ಒಳಗೋಡೆಗೆ ಅಂಟಿಕೊಳ್ಳುತ್ತೆ. ಪ್ರತಿ ಪಫ್‌ಗೂ ಮೊದಲು ಚೆನ್ನಾಗಿ ಅಲ್ಲಾಡಿಸಿ, ಒಂದು ಸಲ ಒತ್ತಿ, ಐದು ಸಲ ನಿಧಾನವಾಗಿ ಉಸಿರಾಡಿಸಬೇಕು. ಎರಡೆರಡು ಪಫ್ ಒಟ್ಟಿಗೆ ಒತ್ತಬಾರದು.

ಜೋರಾಗಿ ಎದ್ದರೆ ಇಲ್ಲಿ ಹೇಳಿಕೊಡೋದು ಹೀಗೆ: ಮಗುವನ್ನು ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಅರ್ಧ ನಿಮಿಷದಿಂದ ಒಂದು ನಿಮಿಷಕ್ಕೊಂದರಂತೆ ಸಾಲ್ಬುಟಮಾಲಿನ ನೀಲಿ ಇನ್ಹೇಲರಿನ ಪಫ್, ಹೆಚ್ಚೆಂದರೆ ಹತ್ತು. ಅಷ್ಟಕ್ಕೂ ಇಳಿಯದಿದ್ದರೆ, ಅಥವಾ ನಡುವೆಯೇ ಹೆಚ್ಚಾದರೆ ಆಂಬ್ಯುಲೆನ್ಸಿಗೆ 999ಕ್ಕೆ ಫೋನ್. ಇದನ್ನೂ ನಿಮ್ಮ ಡಾಕ್ಟರಿಗೆ ತೋರಿಸಿ ಒಪ್ಪಿಗೆ ತಗೋ. ಅಷ್ಟು ತುರ್ತಲ್ಲದ ಪ್ರಶ್ನೆಗೆ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಬಹುದು, ರಾತ್ರಿಯೂ ಉತ್ತರ ಕೊಡ್ತಾರೆ. ತುರ್ತು ವಿಭಾಗದಲ್ಲಿ ನೋಡಿದ್ದಕ್ಕೆ ಪ್ರವಾಸಿಗಳಿಂದಲೂ ದುಡ್ಡು ತಗೊಳ್ಳಲ್ಲ. ವಾರ್ಡಿಗೆ ಸೇರಿಸಿದರೆ ಮಾತ್ರ ಬಿಲ್ ಬರುತ್ತೆ, ಅದೂ ಮಾಮೂಲಿ ದರದ ಒಂದೂವರೆ ಪಟ್ಟು. ಅದಕ್ಕೇ ವಿಮೆ ಮಾಡಿಸುವಾಗ ಉಬ್ಬಸ ಇದೆ ಅಂತ ಫಾರಂನಲ್ಲಿ ಬರೆದೇ ಮಾಡಿಸಿ. ನೂರಿನ್ನೂರು ರೂಪಾಯಿ ಉಳಿಸೋಕೆ ಏಜೆಂಟ್ ಮುಚ್ಚಿಡು ಅಂದರೆ ಕೇಳಬೇಡ, ಕ್ಲೇಮ್ ತಿರಸ್ಕಾರ ಆಗೋದು ಅಲ್ಲೇ.

ಜ್ವರದ ಸಿರಪ್ ಬಗ್ಗೆಯೂ ಎಚ್ಚರ. ಇಲ್ಲಿ ಚಿಕ್ಕ ಮಕ್ಕಳ ಪ್ಯಾರಸಿಟಮಾಲ್ 5 ಮಿ.ಲೀ.ಗೆ 120 ಮಿ.ಗ್ರಾಂ. ನಮ್ಮಲ್ಲಿ 250ರದ್ದೂ ಸಿಗುತ್ತೆ. ಬಾಟಲಿ ಬದಲಾದರೆ ಚಮಚದ ಲೆಕ್ಕವೂ ಬದಲಾಗುತ್ತೆ.

ಚಳಿಯ ವಿಷಯ: ಮೇ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತು ಡಿಗ್ರಿ, ಮಧ್ಯಾಹ್ನ ಹದಿನೆಂಟರ ಸುಮಾರು. ಒಂದು ದಪ್ಪ ಜಾಕೆಟ್‌ಗಿಂತ ತೆಳು ಬಟ್ಟೆ ಮೂರು ಪದರ ಒಳ್ಳೆಯದು, ಮೇಲೊಂದು ಮಳೆಯ ಕೋಟು. ಚಳಿಗಿಂತ ಹೂವಿನ ಪರಾಗ ನೋಡಿಕೊಳ್ಳಬೇಕು. ಹುಲ್ಲಿನ ಪರಾಗ ಮೇ ಕೊನೆಯಿಂದ ಏರಿ ಜೂನ್‌ನಲ್ಲಿ ಜೋರಾಗುತ್ತೆ. ನೀವು ಮೇ ಮೊದಲ ವಾರಗಳಲ್ಲಿ ಬರ್ತಿರೋದು ಒಳ್ಳೆಯದೇ ಆಯ್ತು. ಆದರೂ ಮರಗಳ ಪರಾಗ ಇರುತ್ತೆ, ಪಾರ್ಕಿನಿಂದ ಬಂದ ಕೂಡಲೇ ಮುಖ ತೊಳೆಸಿ ಬಟ್ಟೆ ಬದಲಿಸೋಣ.

ನೆಲದಡಿಯ ರೈಲಿನ ಗಾಳಿ ಕೆಟ್ಟದ್ದು ಅಂತ ಓದಿದ್ದೀಯ. ಆಳದ ಮಾರ್ಗಗಳ ಮಟ್ಟಿಗೆ ಅದು ನಿಜ. ನಾರ್ದರ್ನ್, ಸೆಂಟ್ರಲ್, ವಿಕ್ಟೋರಿಯಾ, ಬೇಕರ್‌ಲೂ ಮಾರ್ಗಗಳಲ್ಲಿ ಎಸಿ ಇಲ್ಲ, ಸೆಖೆ, ಧೂಳೂ ಹೆಚ್ಚು. ನಮ್ಮ ಮನೆ ಹತ್ತಿರದ ಮೆಟ್ರೊಪಾಲಿಟನ್ ಮಾರ್ಗ ಬಹುಪಾಲು ನೆಲದ ಮೇಲೇ ಓಡುತ್ತೆ, ಎಸಿ ಇದೆ. ಸರ್ಕಲ್, ಡಿಸ್ಟ್ರಿಕ್ಟ್, ಎಲಿಜಬೆತ್ ಮಾರ್ಗಗಳಿಗೂ ಎಸಿ ಉಂಟು. ಇವಿಷ್ಟರಲ್ಲೇ, ಉಳಿದಿದ್ದಕ್ಕೆ ಬಸ್ಸಿನಲ್ಲಿ ಓಡಾಡಬಹುದು. ಬೆಳಿಗ್ಗೆ ಒಂಬತ್ತೂವರೆಗೆ ಮುಂಚೆ, ಸಂಜೆ ನಾಲ್ಕರಿಂದ ಏಳರವರೆಗೆ ರೈಲು ಹತ್ತೋದೇ ಬೇಡ. ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ, ಒಬ್ಬ ದೊಡ್ಡವರ ಜೊತೆ ನಾಲ್ಕು ಮಕ್ಕಳು ಹೋಗಬಹುದು. ಟಿಕೆಟ್ ಬದಲು ಗೇಟಿಗೆ ಮುಟ್ಟಿಸುವ ಕಾರ್ಡನ್ನು ನೀನು, ರವಿಯವರು ಬೇರೆ ಬೇರೆ ಇಟ್ಟುಕೊಳ್ಳಿ. ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲಾಗದು. ಬಸ್ಸಿನಲ್ಲಿ 2014ರಿಂದ ನಗದು ತಗೊಳ್ಳೋದೇ ಇಲ್ಲ.

ಪುಟ್ಟನಿಗೆ ಮಡಚುವ ತಳ್ಳುಗಾಡಿ ತಾ. ನಡೆಯುವ ಮಗುವಿಗೆ ಯಾಕೆ ಅಂತ ಅತ್ತೆ ಕೇಳ್ತಾರೆ. ಇಲ್ಲಿ ಎಲ್ಲದಕ್ಕೂ ಕಾಲೇ ಗತಿ, ದಣಿದರೆ ಉಸಿರು ಮೇಲಾಗುತ್ತೆ. ಲಿಫ್ಟ್ ಇರುವ ಸ್ಟೇಷನ್ ಮೂರರಲ್ಲೊಂದು ಮಾತ್ರ, ಹಗುರ ಗಾಡಿಯಾದರೆ ಒಬ್ಬರೇ ಎತ್ತಬಹುದು. ಎಸ್ಕಲೇಟರಿನಲ್ಲಿ ಮಗುವನ್ನು ಗಾಡಿಯಲ್ಲಿ ಕೂರಿಸಿ ಇಳಿಸಲೇಬಾರದು. ಬಸ್ಸಿನಲ್ಲಿ ವೀಲ್‌ಚೇರಿನವರು ಬಂದರೆ ಗಾಡಿ ಮಡಚಿ ಜಾಗ ಬಿಡಬೇಕು, ಅದು ಅವರ ಹಕ್ಕು. ಮಕ್ಕಳ ವಿಷಯದಲ್ಲಿ ಇಲ್ಲಿ ತುಂಬ ಶಿಸ್ತು. ಜೀಬ್ರಾ ಪಟ್ಟೆಯ ಮೇಲೆ ಮಗು ಕಾಲಿಟ್ಟರೆ ಬಸ್ಸೂ ನಿಲ್ಲುತ್ತೆ. ಕೋರಮ್ಸ್ ಫೀಲ್ಡ್ಸ್ ಅಂತ ಒಂದು ಆಟದ ಮೈದಾನವಿದೆ, ಅಲ್ಲಿ ಮಗು ಜೊತೆಗಿಲ್ಲದ ದೊಡ್ಡವರನ್ನು ಒಳಗೇ ಬಿಡಲ್ಲ! ಕಾರಿಗೂ ಕಾನೂನಿದೆ. 12 ವರ್ಷ ಅಥವಾ 135 ಸೆಂ.ಮೀ. ಎತ್ತರ ಆಗುವವರೆಗೆ ಮಕ್ಕಳ ಸೀಟು ಬೇಕು. ಏರ್‌ಪೋರ್ಟಿಗೆ ನಿಮ್ಮ ಭಾವ ಬರ್ತಾರೆ, ಅನು, ಪುಟ್ಟ ಇಬ್ಬರ ಎತ್ತರ, ತೂಕ ಬರೆದು ಕಳಿಸು.

ಒಂದು ದಿನಕ್ಕೆ ಒಂದೇ ಜಾಗ, ಅದೂ ಮಧ್ಯಾಹ್ನದವರೆಗೆ. ಮೊದಲ ಮೂರು ದಿನ ಮಕ್ಕಳು ರಾತ್ರಿ ಎರಡು ಮೂರಕ್ಕೇ ಏಳ್ತಾರೆ, ಹೊಟ್ಟೆಗೆ ಏನಾದರೂ ಇಡಬೇಕಾಗುತ್ತೆ. ಸಂಜೆ ಎಂಟೂವರೆ ದಾಟಿದರೂ ಬೆಳಕಿರುತ್ತೆ, ದಪ್ಪ ಪರದೆ ಹಾಕಿಸಿದ್ದೇವೆ. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಟಿಕೆಟ್ ಇಲ್ಲ, ಆದರೆ ಸಮಯ ಮುಂಚೆಯೇ ಬುಕ್ ಮಾಡಿದರೆ ಸಾಲಿನಲ್ಲಿ ನಿಲ್ಲೋ ಕಷ್ಟ ತಪ್ಪುತ್ತೆ. ಒಳಗೆ ಕಾಲಿಡುತ್ತಲೇ ತಲೆಯ ಮೇಲೆ 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರ. ಗ್ರೀನಿಚ್‌ಗೆ ಹೋಗುವ ಡಿಎಲ್‌ಆರ್ ರೈಲಿಗೆ ಚಾಲಕರ ಕೋಣೆಯೇ ಇಲ್ಲ, ಅನು ಎದುರಿನ ಸೀಟಿನಲ್ಲಿ ಕೂತು ತಾನೇ ಓಡಿಸಲಿ. ಬಕಿಂಗ್‌ಹ್ಯಾಮ್ ಅರಮನೆಯ ಕಾವಲು ಬದಲಾವಣೆ ನೋಡೋದು ಬೇಡ, ಆ ಜನರ ನಡುವೆ ಮಕ್ಕಳಿಗೆ ಏನೂ ಕಾಣಲ್ಲ. ಹಾರ್ಸ್ ಗಾರ್ಡ್ಸ್ ಹತ್ತಿರ ಕುದುರೆ ಸವಾರರು ಸಮೀಪದಲ್ಲೇ ಸಿಗ್ತಾರೆ. ಆದರೆ ಪುಟ್ಟ ದೂರದಿಂದ ನೋಡಲಿ. ಕುದುರೆ ಕಚ್ಚುತ್ತೆ, ಅದರ ಮೈಯ ಹೊಟ್ಟಿಗೆ ಕೆಲವು ಮಕ್ಕಳಿಗೆ ಉಬ್ಬಸವೂ ಏಳುತ್ತೆ. ಥೇಮ್ಸ್ ದಡದಲ್ಲಿ 2015ರ ನವೆಂಬರ್‌ನಲ್ಲಿ ಅನಾವರಣವಾದ ಬಸವಣ್ಣನವರ ಮೂರ್ತಿಯಿದೆ, ನದಿಯ ಆಚೆ ಪಾರ್ಲಿಮೆಂಟ್. ಅಲ್ಲಿ ನಿಂತು ತೆಗೆದ ಫೋಟೊ ಅತ್ತೆಯವರಿಗೆ ಕಳಿಸು, ಅವರ ಮನಸ್ಸಿಗೂ ಸಮಾಧಾನ.

ಅನುಗೆ ಈಗಿನಿಂದಲೇ ಒಂದು ಮಾತು ಹೇಳಿಕೊಡು. ರೈಲಿನ ಬಾಗಿಲು ಮುಚ್ಚಿ ತಾನೊಬ್ಬಳೇ ಪ್ಲಾಟ್‌ಫಾರಂನಲ್ಲಿ ಉಳಿದರೆ ಅಲ್ಲೇ ನಿಂತಿರಬೇಕು, ನಾವು ವಾಪಸ್ ಬರ್ತೀವಿ. ತಾನೊಬ್ಬಳೇ ಒಳಗೆ ಉಳಿದರೆ ಮುಂದಿನ ಸ್ಟೇಷನ್‌ನಲ್ಲಿ ಇಳಿದು ಸಮವಸ್ತ್ರದವರ ಹತ್ತಿರ ನಿಲ್ಲಬೇಕು. ಇಬ್ಬರ ಜೇಬಿನಲ್ಲೂ ನಮ್ಮ ಫೋನ್ ನಂಬರಿನ ಚೀಟಿ ಇರಲಿ.

ತುಪ್ಪ, ಪೇಡ, ಹಸಿ ಕರಿಬೇವು, ಮಾವಿನಹಣ್ಣು ತರಬೇಡ, ಕಸ್ಟಮ್ಸ್‌ನವರು ಎಸೆಯುತ್ತಾರೆ. ಚಟ್ನಿಪುಡಿ, ಅವಲಕ್ಕಿ ಸಾಕು, ಉಳಿದಿದ್ದೆಲ್ಲ ವೆಂಬ್ಲಿಯಲ್ಲಿ ಸಿಗುತ್ತೆ. ಮಕ್ಕಳ ವೀಸಾದಲ್ಲಿ ಜೊತೆಗೆ ಬರುವ ದೊಡ್ಡವರ ವಿವರ ಇರುತ್ತೆ. ರವಿಯವರಿಗೆ ರಜೆ ಸಿಗದಿದ್ದರೆ ನಿನ್ನ ವಿವರ ಅದರಲ್ಲಿ ಇದೆಯಾ ನೋಡಿಕೋ, ಅವರಿಂದ ಒಪ್ಪಿಗೆ ಪತ್ರವನ್ನೂ ಬರೆಸಿಕೊಂಡು ಬಾ.

ಪುಟ್ಟನಿಗೆ ಏನೂ ಆಗಲ್ಲ, ಖಂಡಿತ ಆಗಲ್ಲ, ಆಸ್ಪತ್ರೆಯೂ ಮನೆಗೆ ಹತ್ತಿರವೇ ಇದೆ ಅಂತ ಅತ್ತೆಗೆ ಹೇಳು. ಅಮ್ಮನ ಹತ್ತಿರ ಇದನ್ನೆಲ್ಲ ವಿವರಿಸೋಕೆ ಹೋಗಬೇಡ, ಸುಮ್ಮನೆ ನಿದ್ದೆ ಕೆಡಿಸಿಕೊಳ್ತಾರೆ. ನಿಮ್ಮ ಭಾವ ಪೋಸ್ಟ್ ಆಫೀಸಿಗೆ ಹೊರಟು ನಿಂತಿದ್ದಾರೆ, ಇಲ್ಲಿಗೆ ನಿಲ್ಲಿಸ್ತೀನಿ. ಡಾಕ್ಟರ್ ಏನಂದರು ಅಂತ ಅವತ್ತೇ ಫೋನ್ ಮಾಡು. ಎತ್ತರ, ತೂಕ ಮರೆಯಬೇಡ.

ನಿನ್ನ ಅಕ್ಕ